ಮೂರನೇ ಚೌಕದ ಬಯಲು

ಆಗ ನಾನು ಸಿಂದಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಎಪ್ಪತ್ತರ ದಶಕ. ಟೆರಿಲಿನ್ ಅಂಗಿ ತೊಟ್ಟು ಕನ್ಯಾ ನೋಡಲು ಹೋದರೆ ಅರ್ಧ ಲಗ್ನ ಆದಂತೆ ಎಂದು ನಂಬಿದ್ದ ಕಾಲ. ನನ್ನಲ್ಲಿ ಟೆರಿಲಿನ್ ಅಂಗಿಯೂ ಇತ್ತು, ಜ್ಞಾನವೂ ಇತ್ತು. ಇನ್ನೇನು ಬೇಕು!

ಇಂಡಿಯಿಂದ ಸೋದರಮಾವನನ್ನು ಕರೆಸಿಕೊಂಡು ಮುದ್ದೇಬಿಹಾಳಕ್ಕೆ ಹೋದೆ. ಹುಡುಗಿಯ ತಂದೆ ಕಾಳಿನ ವ್ಯಾಪಾರಿ. ನಮ್ಮನ್ನು ಜಮಖಾನದ ಮೇಲೆ ಕೂಡಿಸಿ, ಬಿಸಿ ಚಹಾ ಕೊಟ್ಟು, "ಹುಡುಗಿ ಬರೂತನಕಾ ಇದನ್ನ ನೋಡ್ರಿ" ಎಂದು ಒಂದು ವಾರಪತ್ರಿಕೆಯನ್ನು ಮುಂದಿಟ್ಟರು.

ಕೊನೆಯ ಪುಟದಲ್ಲಿ ಮೂರು ಚೌಕಗಳ ನಗೆಚಿತ್ರ. ಮೊದಲನೆಯದರಲ್ಲಿ ಡೊಳ್ಳುಹೊಟ್ಟೆಯವನೊಬ್ಬ ನಿಚ್ಚಣಿಕೆ ಏರಿ ಅಟ್ಟದ ಮೇಲಿನ ಗಡಿಗೆಗೆ ಕೈ ಹಾಕಿದ್ದಾನೆ. ಎರಡನೆಯದರಲ್ಲಿ ನಿಚ್ಚಣಿಕೆ ಜಾರಿದೆ. ಅವನೂ ಗಡಿಗೆಯೂ ಗಾಳಿಯಲ್ಲಿ. ಮೂರನೆಯದರಲ್ಲಿ ಬರೀ ಗೋಡೆ. ಮನುಷ್ಯನಿಲ್ಲ, ಗಡಿಗೆಯಿಲ್ಲ, ಏನೂ ಇಲ್ಲ!

ನನಗೆ ರೋಮಾಂಚನವಾಯಿತು. ಆ ಗೆರೆಗಳೋ! ಒಂದೇ ಎಳೆತಕ್ಕೆ ಇಡೀ ಹೊಟ್ಟೆ, ಎರಡೇ ಚುಕ್ಕೆಗೆ ಕಣ್ಣ ತುಂಬ ಗಾಬರಿ.

"ಇದನ್ನ ಬರದಾವ ದೊಡ್ಡ ವಿಜ್ಞಾನಿ ಇರಬೇಕ್ರಿ!" ಎಂದೆ. "ಮನಷ್ಯಾ ದಪ್ಪ, ಗಡಿಗಿ ಹಗುರ. ಆದ್ರೂ ಎರಡೂ ಒಂದ ವೇಗದಾಗ ಬೀಳಾಕತ್ತಾವ. ಗುರುತ್ವದ ಮುಂದ ಎಲ್ಲಾರೂ ಸಮಾನರು!"

"ಹೌದ್ರಿ?" ಎಂದರು ಯಜಮಾನರು, ಚಿತ್ರವನ್ನು ಹೊಸದಾಗಿ ನೋಡುತ್ತ.

ಯಾರದೋ ಕೈ ಅವಲಕ್ಕಿಯ ತಾಟನ್ನು ಮುಂದೆ ಹಿಡಿಯಿತು. "ಅಲ್ಲೇ ಇಡ್ರಿ" ಎಂದೆ, ತಲೆಯೆತ್ತದೆ. ಮಾವ ಮೊಣಕೈಯಿಂದ ತಿವಿದ. ಪ್ರೋತ್ಸಾಹಿಸುತ್ತಿದ್ದಾನೆಂದು ತಿಳಿದು ಮೂರನೇ ಚೌಕಕ್ಕೆ ಏರಿದೆ.

"ತತ್ವ ಇರೂದು ಇಲ್ಲಿ ನೋಡ್ರಿ! ಏರಿದಾವ ಇಲ್ಲ, ಬಿದ್ದಾವ ಇಲ್ಲ. ಆಸೀನೂ ಇಲ್ಲ, ಗಡಿಗೀನೂ ಇಲ್ಲ. ಉಳದದ್ದು ಬಯಲು! ಈಗ ನಾನು ಈ ಚಹಾದ ಕಪ್ಪ ಕೈಬಿಟ್ಟೆ ಅಂತ ತಿಳೀರಿ..."

ಯಾರೂ ತಿಳಿಯಬೇಕಾಗಲಿಲ್ಲ. ಬಿಟ್ಟೇಬಿಟ್ಟಿದ್ದೆ!

ಕಪ್ಪು ಚೂರಾಯಿತು. ಚಹಾ ಮಾವನ ಹೊಸ ಧೋತರವನ್ನು ಸೇರಿತು. ಮಾವ ಕೂತಲ್ಲೇ ಹಾರಿದ. ಬಾಗಿಲ ಬಳಿ ಯಾರೋ ಕಿಸಕ್ಕನೆ ನಕ್ಕರು.

"ಆ ಚಿತ್ರಾ ಬರದಾಕಿ ನಾನರಿ."

ಹುಡುಗಿಯ ದನಿ! ನನ್ನ ತಲೆ ತಾನಾಗಿ ಬಗ್ಗಿತು.

"ಮೂರನೇದರಾಗ ಅವ ಬಿದ್ದದ್ದು ಬರೀಬೇಕಿತ್ರಿ. ಗ್ವಾಡಿ ಅಷ್ಟ ಬರದಿದ್ದೆ, ಮಾಳಗಿ ಮ್ಯಾಲ ಸಂಡಿಗಿಗೆ ಕಾಗಿ ಬಂದ್ವು. ಓಡಿಸಿ ಬರೂದ್ರಾಗ ಅಪ್ಪಾ ಟಪಾಲಿಗೆ ಹಾಕಿಬಿಟ್ಟಿದ್ರು."

"ಮುಗದೈತಿ ಅಂತ ತಿಳದಿದ್ನೆವಾ" ಎಂದರು ಯಜಮಾನರು.

ಪತ್ರಿಕೆಯವರೂ ಹಾಗೆಯೇ ತಿಳಿದಿದ್ದರು. ತತ್ವ ಕಂಡವನು ನಾನೊಬ್ಬನೇ!

ಅವಳು ಚೂರುಗಳನ್ನು ಆರಿಸುತ್ತಿದ್ದಳು. ಬೆರಳ ತುದಿಗೆಲ್ಲ ಕಪ್ಪು ಮಸಿ. ಆ ಗೆರೆ ಎಳೆದ ಬೆರಳು ಇವೇ ಎಂದು ನೋಡುತ್ತ, ಅವಮಾನ ಮರೆತು ಕೇಳಿದೆ: "ಹಂಗಾರ ಬಿದ್ದ ಮ್ಯಾಲ ಏನಾಗತೈತ್ರಿ?"

"ಗಡಿಗಿ ಅವನ ಹೊಟ್ಟಿ ಮ್ಯಾಲ ಬಂದು ಕುಂದರತೈತ್ರಿ. ಒಡಿಯೂದಿಲ್ಲ. ಅವ ಅದನ್ನ ತಬ್ಬಿಕೊಂಡು ನಗತಾನ."

ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನನ್ನ ಬಯಲಿಗಿಂತ ಆ ಹೊಟ್ಟೆ ಎಷ್ಟೋ ಪಾಲು ಮೇಲಾಗಿತ್ತು! ಹಾಗೆಂದು ಬಾಯಿಬಿಟ್ಟು ಹೇಳಿದೆ ಕೂಡ.

ಯಜಮಾನರು ಒಳಗೆ ಹೋಗಿ ಬಂದರು. "ಹುಡುಗಿ ಹೂಂ ಅಂದ್ಳರಿ. 'ಅವರು ಹೇಳಿದ್ದು ಏನೂ ತಿಳೀಲಿಲ್ಲ. ಆದ್ರ ನನ್ನ ಚಿತ್ರಾನ ಇಷ್ಟ ಹೊತ್ತು ಯಾರೂ ನೋಡಿರಲಿಲ್ಲ' ಅಂತಾಳ."

ಮರಳುವಾಗ ಬಸ್ಸು ಬಾಗೇವಾಡಿ ಮುಟ್ಟುವತನಕ ಮಾವ ಧೋತರದ ಚಹಾ ಕಲೆಯನ್ನು ತಿಕ್ಕುತ್ತಲೇ ಇದ್ದ. ಆಮೇಲೆ ಕೇಳಿದ: "ಹುಡುಗಿ ಮನಸಿಗೆ ಬಂದ್ಳೇನೋ ತಮ್ಮಾ?"

"ಭಾಳ! ಏನ್ ಗೆರಿ ಎಳೀತಾಳ ಮಾಮಾ!"

"ಗೆರಿ ಹಾಳಾಗ್ಲಿ. ಊರಿಗೆ ಹೋದ ಕೂಡಲೆ ನಿಮ್ಮವ್ವ ನಿನ್ನ ಕೇಳ್ತಾಳ. ಮಾರಿ ಹೆಂಗೈತಿ?"

ನೆನಪಿಸಿಕೊಳ್ಳಲು ಹೋದೆ; ಮಸಿ ಹತ್ತಿದ ಬೆರಳುಗಳಷ್ಟೇ ಕಂಡವು. ಬಸ್ಸಿನಲ್ಲಿದ್ದವರೆಲ್ಲ ಉತ್ತರಕ್ಕೆ ಕಾದಂತೆ ಅನ್ನಿಸಿತು. ಕನ್ಯಾ ನೋಡಲು ಹೋಗಿ, ಕನ್ಯೆಯ ಮುಖವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿ ಬಂದಿದ್ದೆ!