ಪುಕ್ಕಟೆ ಸಿಕ್ಕರೆ ರಷ್ಯಾ

ಎದುರಿಗಿರುವವರ ಮಾತನ್ನು ನಡುವೆ ತಡೆಯದೆ ಕೇಳುವ ಗುಣವೊಂದನ್ನು ದೇವರು ನನಗೆ ಕೊಟ್ಟಿದ್ದಾನೆ. ಏಳನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ಕಲಿತದ್ದೆಲ್ಲ ಹೀಗೆ ಕೇಳಿಯೇ. ನಾಚಾರಂನ ನಮ್ಮ ಕಟ್ಟಡದಲ್ಲಿ ಯಾರಿಗೆ ದುಃಖವಾದರೂ ನಮ್ಮ ಬಾಗಿಲು ತಟ್ಟುತ್ತಾರೆ. ನಾನು ತಲೆಯಾಡಿಸುತ್ತೇನೆ, ಅವರು ಹಗುರಾಗಿ ಹೋಗುತ್ತಾರೆ. (ಚಹಾ ನನ್ನದು.)

ಈ ಗುಣದ ಪೂರ್ತಿ ಲಾಭ ಪಡೆದವರು ನನ್ನ ಮಾವ ವೀರಭದ್ರಪ್ಪನವರು. ಸರಕಾರಿ ಕಾರ್ಖಾನೆಯಲ್ಲಿದ್ದಾಗ ತರಬೇತಿಗೆಂದು ಎಂಟು ತಿಂಗಳು ರಷ್ಯಾ, ಇಪ್ಪತ್ತು ದಿನ ಜಪಾನ್ ನೋಡಿ ಬಂದವರು. ಈಗ ಎಂಬತ್ತೊಂದು. ಈಚೆಗೆ ನಿನ್ನೆಯದು ಮರೆಯುತ್ತಾರೆ, ರಷ್ಯಾ ಮರೆಯುವುದಿಲ್ಲ.

“ಅಲ್ಲಿ ಒಲಿ ಆರಸೂದೇ ಇಲ್ಲವ್ವಾ ಕಮಲಾಕ್ಷಿ. ಗ್ಯಾಸ್ ಪುಕ್ಕಟೆ ಇದ್ದಂಗ, ಕಡ್ಡಿಪೆಟ್ಟಿಗಿಗೆ ರೊಕ್ಕ. ಕಡ್ಡಿ ಉಳಸಾಕ ದಿನಾ ಪೂರ್ತಿ ಒಲಿ ಉರಸ್ತಿದ್ರು. ಜಪಾನಿನ್ಯಾಗ ನೋಡು, ಒಂದು ತೊಟ್ಟಿ ಬಿಸಿನೀರಾಗ ಮನಿಮಂದೆಲ್ಲಾ ಜಳಕ.”

“ಮತ್ತ ನಾವು, ಮಾವಾರ?”

“ನಾವಾ? ಪುಕ್ಕಟೆ ಸಿಕ್ರ ರಷ್ಯಾ, ರೊಕ್ಕ ಬಿಚ್ಚೂದಿದ್ರ ಜಪಾನ್.”

ಇದನ್ನು ನಾನು ನಾನೂರು ಸಲ ಕೇಳಿದ್ದೇನೆ. ನಾನೂರು ಸಲವೂ “ಮತ್ತ ನಾವು, ಮಾವಾರ?” ಎಂದು ಕೇಳಿದ್ದೇನೆ. ಹಾಗೆ ಕೇಳದಿದ್ದರೆ ಅವರ ಮುಖ ಬಾಡುತ್ತದೆ.

ಕಾರ್ತಿಕದಲ್ಲಿ ನಮ್ಮ ಕನ್ನಡ ಮಹಿಳಾ ಸಂಘದ ಅಧ್ಯಕ್ಷೆ ವಿಶಾಲಾಕ್ಷಿಯವರು ‘ಇಂಧನ ಮಿತವ್ಯಯ ಮಹಾಸ್ಪರ್ಧೆ’ ಘೋಷಿಸಿದರು. ಎಲ್ಲರೂ ಒಂದೇ ಸೋಮವಾರ ಹೊಸ ಸಿಲಿಂಡರ್ ಹಚ್ಚಬೇಕು. ಯಾರದು ಹೆಚ್ಚು ದಿನ ಬರುತ್ತದೋ ಅವರು ಗೆದ್ದಂತೆ. ಮೋಸವಾಗಬಾರದೆಂದು ಎರಡನೆಯ ಸಿಲಿಂಡರನ್ನೂ ನೀರು ಕಾಯಿಸುವ ಕರೆಂಟ್ ರಾಡನ್ನೂ ಸಂಘದ ಕೋಣೆಯಲ್ಲಿಟ್ಟು ಬೀಗ ಹಾಕಿಸಬೇಕು. ಎದುರು ಮನೆಯ ಪ್ರಿಯಂವದಾ ಹೋದ ವರ್ಷದ ಸ್ಪರ್ಧೆಯಲ್ಲಿ ಎಪ್ಪತ್ತನಾಲ್ಕು ದಿನ ತಲುಪಿದ್ದಳು. ನನಗೆ ಎಪ್ಪತ್ತೈದು ಬೇಕಿತ್ತು. ಹುಟ್ಟಿದಾಗಿನಿಂದ ನಾನು ಯಾವುದರಲ್ಲೂ ಮೊದಲು ಬಂದವಳಲ್ಲ. ಶಿವನಿಗೆ ಕೈಮುಗಿದು ಸಿಲಿಂಡರಿಗೆ ವಿಭೂತಿ ಹಚ್ಚಿದೆ.

ಬಿಸಿರೊಟ್ಟಿ ನಿಂತಿತು. ಹದಿನೈದು ದಿನಕ್ಕೊಮ್ಮೆ ಕಡಕ್ ರೊಟ್ಟಿ ಮಾಡಿ ಡಬ್ಬಿ ತುಂಬಿಸಿದೆ. (ಮಾವನವರ ಬಾಯಲ್ಲಿ ಉಳಿದಿದ್ದ ನಾಲ್ಕು ಹಲ್ಲುಗಳು ಸ್ಪರ್ಧೆಗೆ ಹೆಸರು ಕೊಟ್ಟಿರಲಿಲ್ಲ.) ಅವರು ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಅದು ಸೋಲುವ ತನಕ ಕಾಯುತ್ತಿದ್ದರು. ನನ್ನ ಗಂಡ ಗುರುಶಾಂತ ಫ್ಯಾಕ್ಟರಿ ಕ್ಯಾಂಟೀನಿನಲ್ಲೇ ಎರಡು ಹೊತ್ತೂ ಉಂಡು ಬರತೊಡಗಿದರು; ಅದನ್ನು ಸಹಕಾರವೆಂದೇ ತಿಳಿದೆ.

ಉಳಿದದ್ದು ಜಳಕ. ಮಾವನವರು ಬೆಳಗಿನ ಆರಕ್ಕೆ ಮಿಂದು ಲಿಂಗಪೂಜೆ ಮಾಡುವವರು. ಮೊದಲು ಬಿಸಿನೀರು ಉಗುರುಬೆಚ್ಚಗಾಯಿತು. ಐವತ್ತನೆಯ ದಿನ ಸಿಲಿಂಡರನ್ನು ಅಲ್ಲಾಡಿಸಿ ನೋಡಿದೆ; ಹಗುರವಾಗಿತ್ತು.

“ಮಾವಾರ, ಬಕೆಟ್ಟು ಮಾಳಿಗಿ ಮ್ಯಾಲ ಬಿಸಿಲಿಗೆ ಇಡ್ತೀನಿ. ಪೂಜಿ ಹನ್ನೆರಡಕ್ಕ ಮಾಡಿದ್ರ ಆಗಂಗಿಲ್ಲೇನ್ರಿ?”

“ಶಿವಗ ಹೊತ್ತಿಲ್ಲವ್ವಾ, ಹನ್ನೆರಡಕ್ಕೂ ಬರ್ತಾನ. ನನಗ ಹೊತ್ತು ಐತಿ.”

ಮರುದಿನದಿಂದ ತಣ್ಣೀರೇ ಹೊಯ್ದುಕೊಂಡರು. ಬೇಡವೆನ್ನಲಿಲ್ಲ. ನಾನೂ ಅದನ್ನು ಒಪ್ಪಿಗೆಯೆಂದು ಬರೆದುಕೊಂಡೆ. ಅರುವತ್ತನೆಯ ದಿನ ಗಂಡ ಕೋಠಿ ಪೇಟೆಯಿಂದ ಕೆಮ್ಮಿನ ಔಷಧಿ ತಂದು ಮೇಜಿನ ಮೇಲೆ ಕುಕ್ಕಿದರು.

“ಅಪ್ಪ ಕೆಮ್ಮೂದು ಕೇಳಾಕತ್ತೈತೇನು ನಿನಗ?”

“ಕೇಳಾಕತ್ತೈತ್ರಿ. ಇನ್ನ ಹದಿನೈದು ದಿನ.”

“ಆಮ್ಯಾಲ?”

“ಆಮ್ಯಾಲ ಬಿಸಿನೀರು.”

“ಅಪ್ಪಗೂ ಒಂದು ಬೀಗ ಹಾಕಿಸಿ ಸಂಘದ ಕ್ವಾಣ್ಯಾಗ ಇಟ್ಟು ಬಾ. ಖರ್ಚಾಗಂಗಿಲ್ಲ,” ಎಂದು ಅವರು ಹೊರಗೆ ನಡೆದರು.

ಎಪ್ಪತ್ತೊಂದನೆಯ ದಿನ ಸೋಮವಾರ. ಇನ್ನು ನಾಲ್ಕೇ ದಿನ ಎಳೆದುಕೊಡಪ್ಪಾ ಎಂದು ಬೇಡಲು ಸಂಜೆ ಗುಡಿಗೆ ಹೋದೆ. (ಮಾವನವರ ಕೆಮ್ಮಿಗೂ ಬೇಡಿದೆ, ಎರಡನೆಯದಾಗಿ.) ಮರಳಿ ಬಂದಾಗ ಅಡುಗೆಮನೆಯಲ್ಲಿ ಒಲೆಯ ಎರಡೂ ಕಡೆ ದೊಡ್ಡ ಉರಿ. ಮೇಲೆ ಪಾತ್ರೆಯಿಲ್ಲ. ಮಾವನವರು ಸ್ಟೂಲಿನ ಮೇಲೆ ಶಾಲು ಹೊದ್ದು ಕುಳಿತು ಅಂಗೈಗಳನ್ನು ಉರಿಗೆ ಹಿಡಿದಿದ್ದರು. ನಾನು ಓಡಿಹೋಗಿ ಗುಂಡಿಗೆ ಕೈಹಾಕಿದೆ.

“ಆರಸಬ್ಯಾಡವ್ವಾ,” ಎಂದರು. ನನ್ನನ್ನು ಪರಿಚಯವಿಲ್ಲದವರಂತೆ ನೋಡಿದರು. “ಇಲ್ಲಿ ಗ್ಯಾಸಿಗೆ ರೊಕ್ಕಿಲ್ಲ. ಹೊರಗ ಹಿಮ ಬೀಳಾಕತ್ತೈತಿ.”

ಅವರು ಉರಿಯ ಕಡೆಗೆ ಇನ್ನಷ್ಟು ಬಾಗಿದರು.

“ಊರಾಗ ನನ್ನ ಸೊಸಿ ಅದಾಳ, ಕಮಲಾಕ್ಷಿ ಅಂತ. ಭಾಳ ಚಲೋ ಹುಡುಗಿ, ಏನು ಹೇಳಿದ್ರೂ ಕೇಳ್ತಾಳ. ನಿನಗ ಬರಿಯಾಕ ಬರತೈತೇನವ್ವಾ? ಆಕಿಗೊಂದು ಕಾಗದ ಬರದು ಹಾಕು. ಇಲ್ಲಿ ನನಗ ಭಾಳ ಥಂಡಿ ಆಗಾಕತ್ತೈತಿ ಅಂತ.”

ಗುಂಡಿಯ ಮೇಲಿದ್ದ ಕೈ ತಿರುಗಲಿಲ್ಲ. ನೋಡನೋಡುತ್ತ ಉರಿ ಸಣ್ಣದಾಯಿತು, ಒಮ್ಮೆ ಪುಕ್ಕೆಂದಿತು, ಆರಿತು. ಅವರು ಆರಿದ ಒಲೆಗೇ ಇನ್ನೂ ಅಂಗೈ ಹಿಡಿದಿದ್ದರು.

ಸಂಘದ ಬೀಗದ ಕೈ ವಿಶಾಲಾಕ್ಷಿಯವರ ಬಳಿ. ಅವರು ಮದುವೆಗೆಂದು ರಾಯಚೂರಿಗೆ ಹೋಗಿದ್ದರು. ದೊಡ್ಡ ಪಾತ್ರೆ ಎತ್ತಿಕೊಂಡು ಎದುರು ಮನೆಯ ಬಾಗಿಲಿಗೆ ಹೋದೆ. ವೈರಿಯ ಸಿಲಿಂಡರಿನಿಂದ ಬಿಸಿನೀರು ಬೇಡುವುದು ಎಂಥ ಶಿಕ್ಷೆಯೆಂದು ಬೇಡಿದವರಿಗೇ ಗೊತ್ತು. ಪ್ರಿಯಂವದಾ ಪಾತ್ರೆ ಇಸಿದುಕೊಂಡು, ತುಂಬಾ ನೀರು ಹಾಕಿ, ಒಲೆ ದೊಡ್ಡದು ಮಾಡಿದಳು.

“ನಿಮ್ಮ ಸ್ಪರ್ಧಾ ಹಾಳಾಗತೈತ್ರಿ,” ಎಂದೆ.

“ಎಲ್ಲೀ ಸ್ಪರ್ಧಾ ಅಕ್ಕಾರ? ನಮ್ಮತ್ತಿಗೆ ಥಂಡಿ ಹತ್ತಿ, ನೀರು ಕಾಸಿ ಕಾಸಿ ಐವತ್ತೈದಕ್ಕ ಮುಗೀತಲ್ಲ. ಉಳಿದವರದು ಅದಕ್ಕೂ ಮೊದಲs ಮುಗಿದಿತ್ತು. ನೀವs ಗೆದ್ರಿ, ಇನ್ನ ಸಾಕ್ ಮಾಡ್ರಿ, ಮಾವಾರಿಗೆ ನೀರು ಕಾಸಿ ಕೊಡ್ರಿ ಅಂತ ಹ್ವಾದ ಹ್ವಾದ ಸೋಮವಾರ ಗುಡ್ಯಾಗ ಹೇಳಿದ್ನಲ್ರೀ. ತಲಿ ಆಡಿಸಿದ್ರಿ.”

ಆಡಿಸಿರಬೇಕು. ಆ ದಿನ ಅವಳ ಮುಖ ನೋಡುತ್ತ ನಾನು ಎಪ್ಪತ್ತೈದರಲ್ಲಿ ಐವತ್ತೇಳನ್ನು ಕಳೆಯುತ್ತಿದ್ದೆ.

ಹದಿನಾಲ್ಕು ತಣ್ಣೀರು ಜಳಕ. ಗೆದ್ದ ಮೇಲೆ.

ಬಚ್ಚಲಲ್ಲಿ ಮಾವನವರನ್ನು ಕೂರಿಸಿ, ಆಗಷ್ಟೇ ಫ್ಯಾಕ್ಟರಿಯಿಂದ ಬಂದಿದ್ದ ಗಂಡ ಬೆನ್ನಿಗೆ ಮೊದಲ ತಂಬಿಗೆ ಹೊಯ್ದರು. ನಾನು ಬಾಗಿಲ ಮರೆಯಲ್ಲಿ ಟವೆಲ್ ಹಿಡಿದು ನಿಂತಿದ್ದೆ. ಒಳಗಿನಿಂದ ನಿಡಿದಾದ ಉಸಿರೊಂದು ಬಂತು. ಕೆಮ್ಮು ಸ್ವಲ್ಪ ತಡೆದು ಬಂತು.

“ಭಾಳ ಚಲೋ ಆತು,” ಎಂದರು ಮಾವನವರು. “ಇದ್ಯಾವ ದೇಶವ್ವಾ, ಇಷ್ಟು ಬಿಸಿನೀರು ಕೊಡ್ತಾರ?”

“ಎದುರು ಮನಿ, ಮಾವಾರ.”