ಗುಲಾಬಿರಾಯರ ನೆಗಡಿ

ಎಲ್ಲದಕ್ಕೂ ಕಾರಣ ಅರ್ಧ ಬಟ್ಟಲು ಐಸ್‌ಕ್ರೀಮು. ಮಗಳು ತಿಂದು ಬಿಟ್ಟದ್ದನ್ನು ಚೆಲ್ಲಲು ಮನಸ್ಸು ಬಾರದೆ ಗುಲಾಬಿರಾಯರು ತಾವೇ ಮುಗಿಸಿದ್ದರು. ಬೆಳಿಗ್ಗೆ ಏಳುವಾಗ ಮೂಗು ಬೀಗ ಹಾಕಿದ ಅಂಗಡಿಯಂತಾಗಿತ್ತು.

ಗುಲಾಬಿರಾಯ ಎಂಬುದು ಪ್ರಯೋಗಾಲಯದವರು ಇಟ್ಟ ಹೆಸರು. ಗುಲಾಬಿ ಗಿಡದ ಪರಿಮಳದ ಜೀನನ್ನು ಕತ್ತರಿಸಿ ತೆಗೆದು, ಬ್ರೆಡ್ಡು ಉಬ್ಬಿಸುವ ಯೀಸ್ಟಿನ ಡಿಎನ್‌ಎಗೆ ಜೋಡಿಸಿ, ಆ ಯೀಸ್ಟಿನಿಂದಲೇ ಗುಲಾಬಿಯ ವಾಸನೆ ಹೊರಡಿಸಬೇಕೆಂದು ರಾಯರು ವರ್ಷಗಟ್ಟಲೆ ಹೆಣಗಿದ್ದರು. ಈ ಸಲದ ಯೀಸ್ಟು ಆಗಷ್ಟೇ ಬೆಳೆದು ನಿಂತಿತ್ತು. ಇನ್ನೂ ಯಾರೂ ಮೂಸಿರಲಿಲ್ಲ. ಮಧ್ಯಾಹ್ನ ಸಾಬೂನು ಕಂಪನಿಯ ಯಜಮಾನರು ಬಂದು ಮೂಸುವವರಿದ್ದರು. ಗುಲಾಬಿ ಬಂದರೆ ಸರಿ, ಇಲ್ಲವಾದರೆ ಸಂಶೋಧನೆಗೂ ರಾಯರ ಕೆಲಸಕ್ಕೂ ಒಟ್ಟಿಗೆ ಎಳ್ಳುನೀರು.

ಸೀಸೆಗಳು ಎರಡು. ಒಂದರಲ್ಲಿ ಜೀನ್ ಸೇರಿಸಿದ ಯೀಸ್ಟು, ಇನ್ನೊಂದರಲ್ಲಿ ಹೋಲಿಸಿ ನೋಡಲು ಇಟ್ಟ ಮಾಮೂಲಿ ಯೀಸ್ಟು. ನೋಡಲು ಎರಡೂ ಕಲಕು ನೀರೇ. ಮಾರ್ಕರ್ ಪೆನ್ನಿನಲ್ಲಿ ಬರೆದ ಹೆಸರೊಂದೇ ಗುರುತು. ಫ್ರಿಜ್ಜಿನಿಂದ ಅವನ್ನು ತೆಗೆಯುತ್ತಲೇ ರಾಯರು ಅವುಗಳ ಮೇಲೆಯೇ ಗೋಡೆ ನಡುಗುವಂತೆ ಸೀನಿದರು. ದೊಡ್ಡವರ ಕೈಗೆ ಕೊಡುವ ಸೀಸೆ, ಶುದ್ಧವಾಗಿರಲಿ ಎಂದು ಎರಡನ್ನೂ ಸ್ಪಿರಿಟ್ಟಿನಲ್ಲಿ ತಿಕ್ಕಿ ಒರೆಸಿದರು. ಸೀನೂ ಹೋಯಿತು, ಹೆಸರೂ ಹೋಯಿತು.

"ಅಯ್ಯೋ ರಾಯರೇ, ಅಳ್ಬೇಡಿ, ನಾನು ಮೂಸ್ತೀನಿ," ಎಂದು ಪಕ್ಕದ ಮೇಜಿನ ಅಕ್ಕ ಓಡಿ ಬಂದರು. ತಣ್ಣಗಿದ್ದ ಸೀಸೆಗಳಿಂದ ವಾಸನೆ ಹೊರಡುವುದೇ ಕಷ್ಟ. ಆದರೂ ಅಕ್ಕ ಒಂದನ್ನು ಎತ್ತಿ ಹಿಡಿದರು. "ಇದೇ ಗುಲಾಬಿ. ಕಣ್ಮುಚ್ಚಿಕೊಂಡು ಹೇಳ್ತೀನಿ."

ಬಾಗಿಲಲ್ಲಿ ನಿಂತಿದ್ದ ಉಗ್ರಾಣದಣ್ಣ ಒಳಗೆ ಬಂದು ಇನ್ನೊಂದನ್ನು ಮೂಸಿದ. "ಅಕ್ಕಾ, ನಿಮ್ಮ ಮೂಗು ಇರೋದು ಕನ್ನಡಕ ಕೂರಿಸೋಕೆ. ಅದಲ್ಲ, ಇದು!"

"ನಶ್ಯ ಏರಿಸೋ ಮೂಗಿಗೆ ಗುಲಾಬಿ ಬೇರೆ ಕೇಡು!"

"ಜಗಳ ಬೇಡ, ನನ್ನ ಮೂಗು ಬಿಡಿಸಿ, ಸಾಕು," ಎಂದು ರಾಯರು ಕೈಮುಗಿದರು. ಕುದಿಯುವ ನೀರಿಗೆ ಅರ್ಧ ಡಬ್ಬಿ ಬಾಮು ಬಿತ್ತು, ರಾಯರ ತಲೆಯ ಮೇಲೆ ಟವೆಲ್ಲು ಬಿತ್ತು. ಮೂಗು ಬಿಡಲಿಲ್ಲ. ಆದರೆ ಕೋಣೆಯೆಲ್ಲ ಬಾಮಿನ ಘಾಟು ತುಂಬಿ, ಇದ್ದ ಎರಡು ಮೂಗುಗಳೂ ಕೆಟ್ಟವು.

"ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾಯ್ತು," ಎಂದ ಉಗ್ರಾಣದಣ್ಣ.

ಅಷ್ಟರಲ್ಲಿ ಪ್ರಯೋಗಾಲಯದ ಮುಖ್ಯಸ್ಥೆಯ ಕೂಗು ಕೇಳಿಸಿತು. "ರಾಯರೇ, ಬಂದ್ರು, ಬೇಗ!" ಅಕ್ಕ ತಾವು ಆರಿಸಿದ ಸೀಸೆಯನ್ನು ರಾಯರ ಕೈಗೆ ತುರುಕಿ ದಬ್ಬಿದರು.

ಮುಖ್ಯಸ್ಥೆಯ ಕೋಣೆಯಲ್ಲಿ ಯಜಮಾನರು ಚಹಾ ಕುಡಿದರು, ತಮ್ಮ ಕಾರ್ಖಾನೆಯ ಚರಿತ್ರೆ ಹೇಳಿದರು, ಆಮೇಲೆ ನಿಧಾನವಾಗಿ ಮೂಸಿದರು.

"ಬ್ರೆಡ್ಡು," ಎಂದರು ಯಜಮಾನರು. "ಚೆನ್ನಾಗಿದೆ. ಆದ್ರೆ ಬ್ರೆಡ್ಡಿನಲ್ಲಿ ಯಾರು ಸ್ನಾನ ಮಾಡ್ತಾರೆ?"

"ಸಾರ್, ಇನ್ನೊಂದಿದೆ! ಈಗ ತಂದೆ!" ರಾಯರು ಎದ್ದುಬಿದ್ದು ಓಡಿದರು. ಮೇಜು ಖಾಲಿಯಾಗಿತ್ತು.

"ಕುಕ್ಕರಿಗೆ ಹಾಕಿದೆ," ಎಂದರು ಅಕ್ಕ. ಕೆಲಸ ಮುಗಿದ ಸೀಸೆಗಳನ್ನು ಹಬೆಯಲ್ಲಿ ಬೇಯಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯಂತ್ರಕ್ಕೆ ಅಲ್ಲಿ ಕುಕ್ಕರ್ ಎಂದೇ ಹೆಸರು. "ಗುಲಾಬಿ ನಿಮ್ಮ ಕೈಗೆ ಕೊಟ್ಟೆನಲ್ಲ? ಹೆಸರಿಲ್ಲದ ಸೀಸೆ ಮೇಜಿನ ಮೇಲೆ ಇಡಬಾರದು ಅಂತ ಬೋರ್ಡು ಬರೆದೋರು ಯಾರು? ನೀವೇ!"

ರಾಯರು ಕುಕ್ಕರನ್ನು ತಬ್ಬಿ ಹಿಡಿದರು, ಕೈ ಸುಟ್ಟುಕೊಂಡು ಬಿಟ್ಟರು. ಒತ್ತಡ ಇಳಿಯುವವರೆಗೆ ಅದರ ಮುಚ್ಚಳ ತೆರೆಯುವಂತಿರಲಿಲ್ಲ. ಕೆಳಗೆ ಯಜಮಾನರ ಬೂಟಿನ ಸದ್ದು ಮೆಟ್ಟಿಲಿಳಿಯುತ್ತಿತ್ತು.

ಕುಕ್ಕರು ಉಸ್ಸೆಂದು ಹಬೆ ಬಿಟ್ಟಿತು.

ಉಗ್ರಾಣದಣ್ಣ ನಿಂತಲ್ಲೇ ನಿಂತ. "ನಾನು ಹೇಳಿದ್ದು ಇದೇ!" ಇಡೀ ಮಹಡಿ ಗುಲಾಬಿಯಾಯಿತು. ಬಾಮೂ ಸೋತಿತು. ಇಳಿಯುತ್ತಿದ್ದ ಬೂಟುಗಳು ತಡೆದು, ತಿರುಗಿ ದಡದಡನೆ ಮೇಲೆ ಬಂದವು.

"ಇದೇ! ಎಲ್ಲಿದೆ ಆ ಯೀಸ್ಟು?"

"ಬೇಯ್ತಾ ಇದೆ, ಸಾರ್," ಎಂದರು ರಾಯರು. "ಆದ್ರೆ ಅದರ ಬೀಜ ಒಂದು ಚಿಟಿಕೆ ಫ್ರೀಜರಿನಲ್ಲಿದೆ. ಮತ್ತೆ ಬೆಳೆಸ್ತೀನಿ."

"ಬೆಳೆಸಿ, ಬೆಳೆಸಿ! ಕೆಲಸ ನಿಲ್ಲಿಸ್ಬೇಡಿ!"

ಎಲ್ಲರೂ ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದರು. ರಾಯರೂ ಪ್ರಾಣ ಒತ್ತೆಯಿಟ್ಟು ಎಳೆದರು. ಏನೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೂ ಬಂತು, ಮೂಗಿಗೆ ಮಾತ್ರ ಬರಲಿಲ್ಲ.

"ಹೇಗಿದೆ ಅಕ್ಕಾ?" ಎಂದು ಮೆಲ್ಲಗೆ ಕೇಳಿದರು.

"ಹೇಗೆ ಹೇಳ್ಲಿ ರಾಯರೇ," ಎಂದ ಅಕ್ಕನ ಕಣ್ಣು ತುಂಬಿತ್ತು. ರಾಯರಿಗೆ ಅಷ್ಟೇ ಸಾಕೆನಿಸಿತು. ಖುಷಿಯಿಂದ ಹೋಗಿ ಫ್ರೀಜರ್ ತೆರೆದು, ಹೆಸರು ಬರೆದಿದ್ದ ಪುಟ್ಟ ಸೀಸೆಯನ್ನು ಹೊರತೆಗೆದರು. ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು. ಸೀನಿದರು. ಅಭ್ಯಾಸಬಲದಿಂದ ಕೈ ಸ್ಪಿರಿಟ್ಟಿನ ಬಟ್ಟೆಗೆ ಹೋಯಿತು.

"ಒರೆಸ್ಬೇಡಿ!" ಎಂದು ಕಿರುಚಿ ಯಜಮಾನರೂ ಸೇರಿ ಎಲ್ಲರೂ ರಾಯರ ಮೇಲೆ ಬಿದ್ದರು.