ಬಿಲ್ಡಿಂಗಿಗೆಲ್ಲ ಬಿ.ಪಿ.

ಘಾಟ್ಕೋಪರ್‌ನಲ್ಲಿ ನನ್ನದೊಂದು ಮೆಡಿಕಲ್ ಅಂಗಡಿಯಿದೆ. ಕೆಮ್ಮಿನಿಂದ ಹಿಡಿದು ಮಗಳ ಮದುವೆಯವರೆಗೆ ನಮ್ಮ ಬಿಲ್ಡಿಂಗಿನವರು ನನ್ನ ಸಲಹೆ ಕೇಳುತ್ತಾರೆ. ಕೇಳದ ಜೀವ ಒಂದೇ, ಆ ಜೀವದ ಜತೆಯೇ ನಾನು ಸಂಸಾರ ಮಾಡಬೇಕಾಗಿದೆ. ಅವಳು ರಾಜೀವಿ, ನನ್ನ ಹೆಂಡತಿ. ನನ್ನ ಹೆಸರು ಪ್ರಶಾಂತ. (ನಾನು ಬಾಯಿ ತೆರೆದರೆ ಮೇಲಿನ ಮಹಡಿಯವರು ಕಿಟಕಿ ಮುಚ್ಚುತ್ತಾರೆ. ಹೆಸರಿಡುವ ಮೊದಲು ನಮ್ಮ ಅಜ್ಜಿ ಸ್ವಲ್ಪ ಕಾದು ನೋಡಬೇಕಿತ್ತು.)

ಜನ ಈಗ ಕಾಯಿಲೆಯನ್ನೂ ಮೊಬೈಲಿನಲ್ಲೇ ಹುಡುಕಿಕೊಂಡು ಮಾತ್ರೆಯನ್ನೂ ಅದರಲ್ಲೇ ತರಿಸುತ್ತಾರೆ. ಅವರನ್ನು ಅಂಗಡಿಗೆ ಎಳೆಯಲು ನನಗೊಂದು ಘನಂದಾರಿ ಯೋಚನೆ ಹೊಳೆಯಿತು. ಹೊಸ ಬಿ.ಪಿ. ಮಷೀನ್ ತಂದು ‘ಉಚಿತ ತಪಾಸಣೆ’ ಎಂದು ಬೋರ್ಡು ತೂಗುಹಾಕಿದೆ. ಮಷೀನಿನ ಜತೆ ತೋಳಿಗೆ ಕಟ್ಟುವ ಪಟ್ಟಿ ಎರಡು ಬಂದಿದ್ದವು. ದೊಡ್ಡದು ಪೈಲ್ವಾನರಿಗಿರಬೇಕೆಂದು ಡಬ್ಬಿಯಲ್ಲೇ ಬಿಟ್ಟು ಚಿಕ್ಕದನ್ನು ಹೊರಗೆ ತೆಗೆದೆ.

ಮೊದಲ ಗಿರಾಕಿ ಸ್ಟೇಷನ್ ಪಕ್ಕ ಹೋಟೆಲ್ ನಡೆಸುವ ಕೊರಗಪ್ಪ. ಗಾಳಿ ತುಂಬುತ್ತಿದ್ದಂತೆ ಪಟ್ಟಿ ಅವನ ತೋಳಿನಿಂದ ಚರ್ರೆಂದು ಬಿಚ್ಚಿಕೊಂಡಿತು. ಎರಡನೇ ಸಲ ನಾನೇ ಕೈಯಲ್ಲಿ ಒತ್ತಿ ಹಿಡಿದೆ. ಮಷೀನ್ ನೂರ ಎಪ್ಪತ್ತರ ಮೇಲೆ ತೋರಿಸಿತು.

“ಎಂತ ಮಾರಾಯ್ರೇ, ನಾನು ಬದುಕ್ತೇನಾ?”

“ಡಾಕ್ಟರಿಗೆ ತೋರಿಸಿ. ಅವರ ಚೀಟಿ ಇಲ್ಲದೆ ನಾನು ಮಾತ್ರೆ ಕೊಡುವವನಲ್ಲ. ಅಲ್ಲಿಯವರೆಗೆ ಉಪ್ಪು ಬಂದ್!” ಎಂದು ಗರ್ಜಿಸಿದೆ.

ಆಮೇಲೆ ಬಂದವರು ಕೆಳಗಿನ ಮನೆಯ ರುಕ್ಮಿಣಿಬಾಯಿ. ಅವರದೂ ಹೆಚ್ಚು.

“ಉಪ್ಪಿನಕಾಯಿ, ಹಪ್ಪಳ ಎಲ್ಲಾ ಬಿಡು ಅಂದ್ರ ಹೆಂಗ್ರೀ ಅಣ್ಣಾರ? ರೊಟ್ಟಿಗೆ ಕಣ್ಣೀರು ಹಚ್ಕೊಂಡು ತಿನ್ನಲೇನು?”

“ಕಣ್ಣೀರಲ್ಲೂ ಉಪ್ಪಿದೆ ಬಾಯಿ, ಅದೂ ಬೇಡ.”

ನೋಡುತ್ತಿದ್ದಂತೆ ಬಿಲ್ಡಿಂಗಿಗೆಲ್ಲ ಬಿ.ಪಿ. ಬಂತು. ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಮಹಾಯುದ್ಧವೇ ನಡೆಯಿತು. ಒಬ್ಬರು ಬೆಳ್ಳುಳ್ಳಿ ನುಂಗಿ ಎಂದರು, ಇನ್ನೊಬ್ಬರು ಗುಲಾಬಿ ಬಣ್ಣದ ಉಪ್ಪಿಗೆ ದೋಷವಿಲ್ಲ ಎಂದರು, ಮತ್ತೊಬ್ಬರು ಬಿ.ಪಿ. ಎಂಬುದೇ ಕಂಪನಿಗಳು ಹುಟ್ಟಿಸಿದ ಸುಳ್ಳು ಎಂದರು. ನಾನು ಎಲ್ಲರನ್ನೂ ದಪ್ಪ ಅಕ್ಷರಗಳಲ್ಲಿ ಸದೆಬಡಿದೆ. ಮನೆಯಲ್ಲೂ ರಾಜೀವಿಯ ಒಣಮೀನಿನ ಡಬ್ಬಿಗೆ ನಿಷೇಧಾಜ್ಞೆ ಹೊರಡಿಸಿದೆ.

ಅವಳಿಗೆ ರೇಗಿತು. “ಬಂದವರದ್ದೆಲ್ಲ ಹೆಚ್ಚೇ ಬರ್ತದಾ? ನಿಮ್ಮ ಮಷೀನಿಗೇ ಎಂತಾದ್ರೂ ಆಗಿರ್ಬೇಕು. ಮೊದ್ಲು ನಿಮ್ಮದು ನೋಡ್ಕೊಳ್ಳಿ!”

“ನನಗೇನಾಗಿದೆ? ಕಲ್ಲಿನ ಹಾಗಿದ್ದೇನೆ!” ಎಂದು, ದಿನಾ ರಾತ್ರಿ ಡಬ್ಬಿ ಸಮೇತ ಮನೆಗೆ ತರುತ್ತಿದ್ದ ಮಷೀನ್ ತೆಗೆದು ಅವಳೆದುರೇ ಪಟ್ಟಿ ಕಟ್ಟಿಕೊಂಡು ಗುಂಡಿ ಒತ್ತಿದೆ. ನೂರ ಅರವತ್ತೆಂಟು.

ಕಲ್ಲು ಅಲ್ಲೇ ಕರಗಿತು. ಮತ್ತೊಮ್ಮೆ ಒತ್ತಿದರೆ ಇನ್ನೂ ಹೆಚ್ಚು ಬಂತು. ಅಂದಿನಿಂದ ನನ್ನ ಎದೆ ಬಡಿಯುವುದು ನನಗೇ ಕೇಳಿಸತೊಡಗಿತು. ಎಡಗೈ ಜುಮ್ಮೆಂದರೆ ಹೃದಯ, ಬಲಗೈ ಜುಮ್ಮೆಂದರೆ ಮೆದುಳು. ವರ್ಷಗಟ್ಟಲೆ ಮಾರಿದ ಔಷಧಿಗಳ ಡಬ್ಬಿಯೊಳಗಿನ ಕಾಗದಗಳನ್ನು ಈಗ ಬಿಡಿಸಿ ಓದಿದೆ. ಓದಬಾರದಿತ್ತು. ನಾನು ಹೋದರೆ ರಾಜೀವಿ ಒಬ್ಬಳೇ ಶಟರ್ ಎಳೆಯುವುದು ಹೇಗೆಂದು ನೆನೆದು ಶಟರಿಗೆ ಎಣ್ಣೆ ಬಿಟ್ಟೆ. ಕೂಗಿದರೆ ಬಿ.ಪಿ. ಏರುತ್ತದಲ್ಲ, ಹಾಗಾಗಿ ಕೂಗುವುದನ್ನೇ ಬಿಟ್ಟೆ. ಚಹಾ ತಣ್ಣಗಿದ್ದರೂ “ಪರವಾಗಿಲ್ಲ ಬಿಡು” ಎಂದೆ. ಅತ್ತೆಯ ಫೋನ್ ಬಂದರೆ ನಾನೇ ಎತ್ತಿ ಕ್ಷೇಮ ವಿಚಾರಿಸಿದೆ. ರಾಜೀವಿ ನನ್ನ ಸಾರನ್ನು ಉಪ್ಪಿಲ್ಲದೆ ಬೇರೆ ಕುದಿಸತೊಡಗಿದಳು.

ಡಾಕ್ಟರಿಗೆ ತೋರಿಸಿ ಎಂದು ಊರಿಗೆಲ್ಲ ಹೇಳಿದವನು ನಾನು. ಆದರೆ ನಮ್ಮ ಡಾಕ್ಟರು ಕೂರುವುದು ನನ್ನ ಅಂಗಡಿಯ ಪಕ್ಕದಲ್ಲೇ, ಅವರ ಬಾಗಿಲಲ್ಲಿ ಕಾಯುವವರೆಲ್ಲ ನನ್ನ ಗಿರಾಕಿಗಳೇ. ಬಿ.ಪಿ. ನೋಡುವವನಿಗೇ ಬಿ.ಪಿ. ಎಂದು ತಿಳಿದರೆ ಮರ್ಯಾದೆ ಉಳಿಯುವುದುಂಟೆ? ಕೊನೆಗೆ ಗುರುತಿನವರಿಲ್ಲದ ಜಾಗವೆಂದು ಸಾಂತಾಕ್ರೂಜ್ ಆರಿಸಿಕೊಂಡೆ. ಮೆಟ್ರೋದಲ್ಲಿ ಅಂಧೇರಿಗೆ ಹೋಗಿ ಅಲ್ಲಿಂದ ಲೋಕಲ್ ಹಿಡಿದೆ. ಅಲ್ಲಿನ ಮೆಡಿಕಲ್ ಒಂದರ ಮೆಟ್ಟಿಲು ಹತ್ತುವಾಗ ರಾಜೀವಿಯ ಫೋನ್ ಬಂತು.

“ಎಲ್ಲಿದ್ದೀರಿ?”

“ದಾದರ್‌ನಲ್ಲಿ. ಸ್ಟಾಕ್ ತರಲು.”

ಕೌಂಟರಿನ ಹುಡುಗಿಯ ಕೋಟಿನ ಮೇಲೆ ಹರಿಣಿ ಎಂದಿತ್ತು. “ಅಂಕಲ್, ಕನ್ನಡನಾ? ನಮ್ದು ಭೀ ಉಡುಪಿ. ಬಿ.ಪಿ. ನೋಡ್ಲಿಕ್ಕಾ? ಪೆಹ್ಲೆ ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಮಾತಾಡ್ಬಾರ್ದು.” ಆಮೇಲೆ ನನ್ನ ತೋಳಿಗೆ ದೊಡ್ಡ ಪಟ್ಟಿ ಸುತ್ತಿ, ಕೈಯನ್ನು ಮೇಜಿನ ಮೇಲಿರಿಸಿ, ಎರಡು ಸಲ ನೋಡಿದಳು.

“ನೂರ ಇಪ್ಪತ್ತಾರು. ಏಕ್‌ದಮ್ ಚೆನ್ನಾಗುಂಟು.”

ಅವಳ ಕಾಲಿಗೆ ಬೀಳುವುದೊಂದು ಬಾಕಿ. “ಆದರೆ ನೂರ ಅರವತ್ತೆಂಟು ಬಂದಿತ್ತಲ್ಲಮ್ಮ!”

“ಎಲ್ಲಿ? ಘಾಟ್ಕೋಪರ್‌ನಲ್ಲಾ?” ಅವಳು ನಕ್ಕಳು. “ಅಲ್ಲಿ ಒಬ್ರು ಮೆಡಿಕಲ್‌ನವರು ಇದ್ದಾರಂತೆ. ದಪ್ಪ ತೋಳಿಗೆ ಚೋಟಾ ಪಟ್ಟಿ ಕಟ್ತಾರಂತೆ. ಹಾಗೆ ಕಟ್ಟಿದ್ರೆ ಜಾಸ್ತಿನೇ ತೋರಿಸ್ತದೆ. ಅಲ್ಲಿಂದ ಎಷ್ಟು ಜನ ಇಲ್ಲಿಗೆ ಬಂದ್ರು! ಹೋಟೆಲ್‌ನ ಕೊರಗಪ್ಪ ಅಂಕಲ್ ಎಲ್ರನ್ನೂ ಕಳಿಸ್ತಾರೆ. ನಿಮ್ಗೆ ಆ ಮನುಷ್ಯ ಗೊತ್ತಾ? ಯಾರಾದ್ರೂ ಹೇಳ್ಬೇಕು ಅವ್ರಿಗೆ.”

“ಸ್ವಲ್ಪ ಗೊತ್ತು,” ಎಂದೆ. “ನಾನೇ ಹೇಳುತ್ತೇನೆ.”

ಜೀವ ಉಳಿದ ಸಂತೋಷ ಅಂಧೇರಿಯವರೆಗೆ ಬಂತು. ಅಲ್ಲಿಂದ ಮುಂದೆ ಬರೀ ನಾಚಿಕೆ. ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ರುಕ್ಮಿಣಿಬಾಯಿಯ ಮನೆಯಿಂದ ಹಪ್ಪಳ ಕರಿಯುವ ವಾಸನೆ ಬರುತ್ತಿತ್ತು. ನಮ್ಮ ಮನೆಯ ಬಾಗಿಲು ತೆರೆದರೆ ರಾಜೀವಿ ನಿಶ್ಚಿಂತೆಯಿಂದ ಒಣಮೀನಿನ ಚಟ್ನಿ ಕಲಸಿಕೊಂಡು ಉಣ್ಣುತ್ತಿದ್ದಳು.

ನನ್ನ ಬರಿಗೈ ನೋಡಿ, “ದಾದರ್‌ನಲ್ಲಿ ಎಷ್ಟು ಬಂತು?” ಎಂದಳು.

ನಾನು ಬೆಚ್ಚಿದೆ. “ನಿನಗೆ ಗೊತ್ತಿತ್ತಾ?”

“ನಿಮ್ಮ ಪಟ್ಟಿ ಚಿಕ್ಕದು ಅಂತ ಇಡೀ ಬಿಲ್ಡಿಂಗಿಗೆ ಗೊತ್ತುಂಟು. ಕೊರಗಪ್ಪಣ್ಣ ಹೇಳಿ ಎಷ್ಟು ದಿನ ಆಯ್ತು! ಆ ದೊಡ್ಡ ಪಟ್ಟಿ ತೆಗೆದು ನೀವು ನಿದ್ದೆ ಮಾಡುವಾಗ ನಾನೇ ನೋಡಿದೆ. ಸರಿಯಾಗಿತ್ತು. ಅದಕ್ಕೆ ಮೊದಲು ಎರಡು ದಿನ ನನಗೂ ಊಟ ಸೇರಿರ್ಲಿಲ್ಲ.”

“ಹಾಗಾದರೆ ನನಗೆ ಯಾಕೆ ಹೇಳಲಿಲ್ಲ?” ನನ್ನ ದನಿ ತಾನಾಗಿಯೇ ಹಳೆಯ ಎತ್ತರಕ್ಕೆ ಏರಿತು. ಮೇಲೆ ಕಿಟಕಿಯೊಂದು ಧಡಾರೆಂದು ಮುಚ್ಚಿತು.

“ನೋಡಿ, ಇದಕ್ಕೇ ಹೇಳ್ಲಿಲ್ಲ,” ಎಂದಳು ರಾಜೀವಿ. “ಮದುವೆಯಾದ ಮೇಲೆ ಈ ಮನೆಯಲ್ಲಿ ಇಷ್ಟು ದಿನ ಬೊಬ್ಬೆ ಇರದೆ ಇದ್ದದ್ದು ಇದೇ ಮೊದಲು. ಮೇಲಿನವರೂ ನನ್ನ ಹತ್ರ ಕೈಮುಗಿದು ಕೇಳ್ಕೊಂಡಿದ್ರು, ಸದ್ಯಕ್ಕೆ ಹೇಳ್ಬೇಡಿ ಅಂತ.”

ನಾನು ಪೆಚ್ಚಾಗಿ ಮಣೆ ಎಳೆದುಕೊಂಡು ಕೂತೆ. ಚಟ್ನಿಯ ಕಡೆ ಕೈ ಚಾಚಿದರೆ ಅವಳು ಬಟ್ಟಲನ್ನು ಆಚೆ ಸರಿಸಿ, ನನ್ನ ತಟ್ಟೆಗೆ ಎಂದಿನ ಸಪ್ಪೆ ಸಾರನ್ನೇ ಬಡಿಸಿದಳು.